ಪಂಪ್ ಸೀಲ್‌ಗೆ ಯಾವ ಫ್ಲಶ್ ಪ್ಲಾನ್ ಹಾಕೋದು?

ಪಂಪ್ ಶಾಫ್ಟ್ ಹೊರಗೆ ಬರೋ ಕಡೆ ದ್ರವ ಸೋರದ ಹಾಗೆ ತಡೆಯೋ ಸೀಲ್ ಪದೇ ಪದೇ ಲೀಕ್ ಆಗ್ತಿದ್ರೆ ಎಲ್ರೂ ಮೊದ್ಲು ಸೀಲನ್ನೇ ಬೈತಾರೆ, ಆದ್ರೆ ಬಹಳ ಸಲ ತಪ್ಪಿರೋದು ಫ್ಲಶ್ ಪ್ಲಾನ್‌ನಲ್ಲಿ, ಅಂದ್ರೆ ಸೀಲ್‌ಗೆ ದ್ರವ ಕೊಟ್ಟು ಅದನ್ನ ತಣ್ಣಗೆ, ಕ್ಲೀನಾಗಿ ಇಡೋ ಪೈಪಿಂಗ್ ವ್ಯವಸ್ಥೆಲಿ (ಒಂದೊಂದು ವ್ಯವಸ್ಥೆಗೂ API ಸ್ಟ್ಯಾಂಡರ್ಡ್‌ನಲ್ಲಿ ಒಂದು ನಂಬರ್ ಇದೆ). ಸೀಲ್‌ನ ಎರಡು ಫೇಸ್ (ಒಂದು ತಿರುಗೋ, ಇನ್ನೊಂದು ನಿಂತಿರೋ ಮುಖ) ಮಧ್ಯೆ ಇರೋ ದ್ರವದ ಪದರ ಒಂದೆರಡು ಮೈಕ್ರಾನ್ ಇದ್ರೆ ಹೆಚ್ಚು, ಅದು ಆವಿಯಾದ್ರೂ ಅಷ್ಟೇ, ಕಸ ಸೇರಿದ್ರೂ ಅಷ್ಟೇ, ಫೇಸ್ ಹೋಯ್ತು. ಅದಕ್ಕೆ ಪಕ್ಕದ ಪಂಪ್ ನೋಡಿ ಕಾಪಿ ಹೊಡಿಬೇಡಿ. ಸೀಲ್ ಚೇಂಬರ್ (ಸೀಲ್ ಕೂರೋ ಜಾಗ) ಒಳಗೆ ದ್ರವ ಎಷ್ಟು ಬಿಸಿ, ಅಲ್ಲಿ ಪ್ರೆಶರ್ ಎಷ್ಟು, ಆ ಬಿಸಿಗೆ ವೇಪರ್ ಪ್ರೆಶರ್ (ಇದಕ್ಕಿಂತ ಪ್ರೆಶರ್ ಇಳಿದ್ರೆ ದ್ರವ ಆವಿಯಾಗುತ್ತೆ) ಎಷ್ಟು, ಕಸ ಇದ್ಯಾ, ಹೊರಗೆ ಬಂದ್ರೆ ಅಪಾಯನಾ, ಇಷ್ಟನ್ನ ಮೊದ್ಲು ಬರ್ಕೊಳ್ಳಿ.

ದ್ರವ ಕ್ಲೀನಾಗಿದ್ದು ತೀರಾ ಬಿಸಿ ಇಲ್ದಿದ್ರೆ ಪ್ಲಾನ್ 11 ಸಾಕು, ಡಿಸ್ಚಾರ್ಜ್‌ನಿಂದ (ಪಂಪ್ ದ್ರವ ಹೊರಗೆ ತಳ್ಳೋ ಬದಿಯಿಂದ) ಸಣ್ಣ ಪೈಪ್, ಮಧ್ಯೆ ಆರಿಫಿಸ್ (ಹರಿವು ಹಿಡಿತದಲ್ಲಿಡೋ ಸಣ್ಣ ತೂತಿನ ಬಿಲ್ಲೆ), ಅಲ್ಲಿಂದ ಸೀದಾ ಸೀಲ್‌ಗೆ. ಆರಿಫಿಸ್ ತೂತು 3 ಮಿಮೀಗಿಂತ ಸಣ್ಣದು ಬೇಡ, ಕಟ್ಕೊಳ್ಳುತ್ತೆ. ಒಂದೇ ಪಂಪ್‌ನಲ್ಲಿ ಮೂರನೇ ಸೀಲ್ ಬಿಚ್ಚಿದಾಗ ನೋಡಿದ್ದೆ, ಕಾರ್ಬನ್ ಫೇಸ್‌ನ ಅಂಚು ಚಕ್ಕೆ ಎದ್ದಿತ್ತು, ಇನ್ನೊಂದು ಫೇಸ್ ಮೇಲೆ ಸೂಜಿಲಿ ಗೀರಿದ ಹಾಗೆ ಸುತ್ತಲೂ ಸಣ್ಣ ಸಣ್ಣ ಬಿರುಕು. ಆರಿಫಿಸ್ ಬಿಚ್ಚಿ ಬೆಳಕಿಗೆ ಹಿಡಿದ್ರೆ ತೂತೇ ಕಾಣ್ಲಿಲ್ಲ, ವೆಲ್ಡಿಂಗ್ ಚೂರು ಸಿಕ್ಕಾಕ್ಕೊಂಡಿತ್ತು! ಸೀಲ್ ಅಷ್ಟು ದಿನ ಫ್ಲಶ್ ಇಲ್ದೇ ಓಡಿದೆ ಪಾಪ.

ವರ್ಟಿಕಲ್ ಪಂಪ್‌ಗೆ ಸಾಮಾನ್ಯವಾಗಿ ಪ್ಲಾನ್ 13, ಚೇಂಬರ್‌ನಿಂದ ಸಕ್ಷನ್‌ಗೆ (ಪಂಪ್ ದ್ರವ ಎಳ್ಕೊಳ್ಳೋ ಬದಿಗೆ) ವಾಪಸ್, ಮೇಲೆ ನಿಲ್ಲೋ ಗಾಳಿನೂ ಹೊರಟು ಹೋಗುತ್ತೆ.

ಬಿಸಿ ನೀರಿನ ವಿಷ್ಯ ಸ್ವಲ್ಪ ನಿಧಾನಕ್ಕೆ ಯೋಚ್ನೆ ಮಾಡಿ. 80 ಡಿಗ್ರಿ ದಾಟಿದ್ರೆ ನೀರಿಗೆ ಫೇಸ್‌ನ ಜಾರಿಸೋ ಶಕ್ತಿ ಕಮ್ಮಿ, ಕೂಲರ್ ಬೇಕೇ ಬೇಕು. ಪ್ಲಾನ್ 21ರಲ್ಲಿ ಡಿಸ್ಚಾರ್ಜ್‌ನಿಂದ ಬರೋ ಹೊಸ ಬಿಸಿ ನೀರನ್ನೇ ಪ್ರತಿ ಸಲ ತಣ್ಣಗೆ ಮಾಡ್ಬೇಕು, ಕೂಲರ್ ಮೇಲೆ ಭಾರ ಜಾಸ್ತಿ, ಬೇಗ ಪಾಚಿ ಸುಣ್ಣ ಕಟ್ಟುತ್ತೆ. ಪ್ಲಾನ್ 23ರಲ್ಲಿ ಸೀಲ್ ಜೊತೆನೇ ಇರೋ ಪಂಪಿಂಗ್ ರಿಂಗ್ ಚೇಂಬರ್ ನೀರನ್ನೇ ಕೂಲರ್‌ಗೆ ಕಳಿಸಿ ವಾಪಸ್ ತರುತ್ತೆ, ಒಂದ್ಸಲ ತಣ್ಣಗಾದ ನೀರೇ ಸುತ್ತೋದ್ರಿಂದ ಕೂಲರ್‌ಗೆ ಕೆಲ್ಸ ಎಷ್ಟೋ ಕಮ್ಮಿ. ಬಾಯ್ಲರ್ ಫೀಡ್ ಪಂಪ್‌ಗೆ ನನ್ನ ಓಟು ಇದಕ್ಕೇ. ಆದ್ರೆ ಆ ರಿಂಗ್‌ಗೆ ದಮ್ಮು ಕಮ್ಮಿ, ಲೈನಲ್ಲಿ ಗಾಳಿ ನಿಂತ್ರೆ ನೀರು ಸುತ್ತೋದೇ ಇಲ್ಲ, ಅದಕ್ಕೆ ಕೂಲರ್ ಸೀಲ್‌ಗಿಂತ ಮೇಲಿರ್ಲಿ, ಪೈಪ್ ಉದ್ದಕ್ಕೂ ಏರ್ತಾ ಹೋಗ್ಲಿ, ಎತ್ತರದ ಜಾಗದಲ್ಲಿ ವೆಂಟ್ (ಗಾಳಿ ಬಿಡೋ ವಾಲ್ವ್) ಇರ್ಲಿ.

ಕಸ ಇದ್ರೆ, ಅದು ದ್ರವಕ್ಕಿಂತ ಎರಡು ಪಟ್ಟು ತೂಕದ್ದಾದ್ರೆ ಸೈಕ್ಲೋನ್ (ದ್ರವನ ಸುತ್ತಿಸಿ ಕಸ ಬೇರೆ ಮಾಡೋದು) ಇರೋ ಪ್ಲಾನ್ 31 ನೋಡ್ಬಹುದು. ಸ್ಲರಿ (ಕಸ ತುಂಬಿದ ದ್ರವ) ಆದ್ರೆ ಪ್ಲಾನ್ 32, ಹೊರಗಿಂದ ಕ್ಲೀನ್ ದ್ರವ ಕೊಡೋದು, ಅದು ಪ್ರಾಡಕ್ಟ್ (ಪಂಪ್ ಸಾಗಿಸೋ ದ್ರವ) ಜೊತೆ ಬೆರೆಯುತ್ತೆ ಹಾಗಾಗಿ ಪ್ರೊಸೆಸ್‌ನವ್ರನ್ನ ಮೊದ್ಲೇ ಕೇಳಿ. ಅದರ ಪ್ರೆಶರ್ ಯಾವಾಗ್ಲೂ ಚೇಂಬರ್‌ಗಿಂತ ಮೇಲಿರ್ಬೇಕು, ಪಂಪ್ ಸ್ಟಾರ್ಟ್ ಮಾಡೋ ಮುಂಚೆನೇ ಆನ್ ಆಗಿರ್ಬೇಕು.

ವಿಷ, ಬೆಂಕಿ ಹತ್ತೋ ದ್ರವ ಆದ್ರೆ ಸಿಂಗಲ್ ಸೀಲ್ ನಂಬ್ಕೊಂಡು ಕೂರಬೇಡಿ, ಡ್ಯುಯಲ್ ಸೀಲ್ ಹಾಕಿ, ಅಂದ್ರೆ ಎರಡು ಸೀಲ್, ಅವುಗಳ ಮಧ್ಯೆ ಬೇರೆ ದ್ರವ. ಪ್ಲಾನ್ 52ರಲ್ಲಿ ಮಧ್ಯದ ದ್ರವಕ್ಕೆ ಪ್ರೆಶರ್ ಇಲ್ಲ, ಒಳಗಿನ ಸೀಲ್ ಹೋದ್ರೆ ಪ್ರಾಡಕ್ಟ್ ಆ ಮಧ್ಯದ ದ್ರವ ಇರೋ ಪಾಟ್‌ಗೆ ಬರುತ್ತೆ. 53Aನಲ್ಲಿ ನೈಟ್ರೋಜನ್ ಒತ್ತಿ ಹಿಡಿದಿರುತ್ತೆ, ಚೇಂಬರ್‌ಗಿಂತ ಕನಿಷ್ಠ 1.4 ಬಾರ್ ಜಾಸ್ತಿ ಇಡಿ, ಆಗ ಸೋರಿದ್ರೂ ಮಧ್ಯದ ದ್ರವನೇ ಒಳಗೆ ಹೋಗುತ್ತೆ, ಪ್ರಾಡಕ್ಟ್ ಹೊರಗೆ ಬರಲ್ಲ.

ಏನೇ ಹಾಕಿದ್ರೂ ಪಂಪ್ ಓಡೋವಾಗ ಟೆಂಪರೇಚರ್ ಗನ್ ತಗೊಂಡು ಫ್ಲಶ್ ಲೈನ್ ನೋಡಿ. ಕೂಲರ್ ಒಳಗೆ ಹೋಗೋ ಪೈಪೂ ಹೊರಗೆ ಬರೋ ಪೈಪೂ ಎರಡೂ ತಣ್ಣಗಿದ್ರೆ ಖುಷಿ ಪಡಬೇಡಿ, ಒಳಗೆ ಏನೂ ಸುತ್ತುತಾ ಇಲ್ಲ ಅಂತ, ತಕ್ಷಣ ವೆಂಟ್ ತೆಗೀರಿ.