ಮೊದಲು ಮೋಡೆಮ್ ‘ಓಕೆ’ ಅನ್ನಲಿ

ಅಟ್ಟದ ಮೇಲಿನ ಡಬ್ಬದಲ್ಲಿ ಹಳೇ ಡಯಲ್-ಅಪ್ ಮೋಡೆಮ್, ಅಂದರೆ ಫೋನ್ ಲೈನಿನಲ್ಲಿ ಇಂಟರ್ನೆಟ್ ತರುತ್ತಿದ್ದ ಸಾಧನ, ಸಿಕ್ಕಿದೆಯಾ? ಗುಜರಿಗೆ ಹಾಕಬೇಡಿ. ಲಿನಕ್ಸ್ ಇರುವ ಕಂಪ್ಯೂಟರಿಗೆ ಜೋಡಿಸಿದರೆ ಅದು ಇವತ್ತಿಗೂ ಮಾತಾಡುತ್ತದೆ. ಆದರೆ ಅದು ಹಾರ್ಡ್‌ವೇರ್ ಮೋಡೆಮ್, ಅಂದರೆ ಎಲ್ಲ ಕೆಲಸವನ್ನೂ ತಾನೇ ಮಾಡುವಂಥದ್ದು, ಆಗಿರಬೇಕು. ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಅಗ್ಗದ ಪಿಸಿಐ ಕಾರ್ಡ್‌ಗಳಲ್ಲಿ ಹೆಚ್ಚಿನವು ‘ವಿನ್‌ಮೋಡೆಮ್’. ಅವುಗಳ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರ್ ಮಾಡುತ್ತಿತ್ತು. ಲಿನಕ್ಸ್‌ನಲ್ಲಿ ಅವುಗಳ ಹಿಂದೆ ಬಿದ್ದರೆ ಭಾನುವಾರ ಹಾಳು. ಸೀರಿಯಲ್ ಕೇಬಲ್ ಇರುವ, ಮುಂದೆ ಸಾಲಾಗಿ ಲೈಟ್‌ಗಳಿರುವ ಹೊರಗಿನ ಡಬ್ಬಿಯಾದರೆ ಚಿಂತೆಯಿಲ್ಲ.

ಮೊದಲು ಕರೆಂಟ್. ಮೋಡೆಮ್ ತಳದ ಚೀಟಿ ಓದಿ. ಕೆಲವಕ್ಕೆ ಡಿಸಿ ಅಲ್ಲ, ಎಸಿ ಕೊಡುವ ಅಡಾಪ್ಟರೇ ಬೇಕು. ಆಮೇಲೆ ಕೇಬಲ್. ನಾನು ಎಡವಿದ್ದು ಇಲ್ಲೇ. ಎರಡೂ ತುದಿ ಸರಿಯಾಗಿ ಕೂರುತ್ತದೆ ಅಂತ ‘ನಲ್ ಮೋಡೆಮ್’ ಕೇಬಲ್ ತಂದು, ಒಂದು ಸಂಜೆ ಪೂರ್ತಿ ಒದ್ದಾಡಿದೆ. ಹೆಸರಲ್ಲೇ ಮೋಡೆಮ್ ಇದೆ, ಆದರೆ ಅದು ಎರಡು ಕಂಪ್ಯೂಟರ್ ಜೋಡಿಸುವ ಕೇಬಲ್! ನಮಗೆ ಬೇಕಾದದ್ದು ಸಾದಾ ನೇರ ಕೇಬಲ್.

ಇನ್ನು ಪೋರ್ಟ್. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕಂಪ್ಯೂಟರಿನದೇ ಮೊದಲ ಸೀರಿಯಲ್ ಪೋರ್ಟ್ ಆದರೆ ‘ಡೆವ್’ ಫೋಲ್ಡರಿನಲ್ಲಿ ಅದರ ಹೆಸರು ಟಿಟಿವೈಎಸ್0. ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಆದರೆ ಟಿಟಿವೈಯುಎಸ್‌ಬಿ0. ಯುಎಸ್‌ಬಿ ಮೋಡೆಮ್ ಆದರೆ ಸಾಮಾನ್ಯವಾಗಿ ಟಿಟಿವೈಎಸಿಎಂ0. ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಬಳಸುವವರಿಗೆ ಮೊದಲ ಪೋರ್ಟ್ ಸಿಯುಎಯು0. ಗೊಂದಲವಾದರೆ ಯುಎಸ್‌ಬಿ ಚುಚ್ಚಿದ ತಕ್ಷಣ ‘ಡಿಎಂಇಎಸ್‌ಜಿ’ ಓಡಿಸಿ, ಕೊನೆಯ ಸಾಲುಗಳಲ್ಲಿ ಹೆಸರು ಕಾಣುತ್ತದೆ.

‘ಪರ್ಮಿಷನ್ ಡಿನೈಡ್’ ಅಂದರೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ನಿಮ್ಮನ್ನು ಪೋರ್ಟ್ ಬಳಸಲು ಅನುಮತಿ ಇರುವ ‘ಡಯಲೌಟ್’ ಗುಂಪಿಗೆ ಸೇರಿಸಿಕೊಳ್ಳಿ. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗುವುದನ್ನು ಮರೆಯಬೇಡಿ. ಪೋರ್ಟ್ ಬಿಜಿ ಇದೆ ಅಂದರೆ ‘ಮೋಡೆಮ್‌ಮ್ಯಾನೇಜರ್’ ಸರ್ವಿಸ್ ಅದನ್ನು ಹಿಡಿದುಕೊಂಡಿರಬಹುದು, ನಿಲ್ಲಿಸಿ.

ಬಹಳ ಜನ ಈಗ ಸೀದಾ ಇಂಟರ್ನೆಟ್ ಸೆಟ್ಟಿಂಗಿಗೆ ಕೈ ಹಾಕುತ್ತಾರೆ. ಬೇಡ. ಮೊದಲು ಮೋಡೆಮ್ ಜೊತೆ ನೇರವಾಗಿ ಮಾತಾಡಿ. ಅದಕ್ಕೆಂದೇ ಇರುವ ‘ಮಿನಿಕಾಮ್’ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿ, ಮೈನಸ್ ಎಸ್ ಸೇರಿಸಿ ತೆರೆಯಿರಿ. ಪೋರ್ಟಿನ ಹೆಸರು ಕೊಡಿ, ವೇಗ 115200, 8ಎನ್1, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ‘ಯೆಸ್’. ಸೇವ್ ಮಾಡಿ ಹೊರಬಂದು ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ‘ಓಕೆ’ ಬಂತಾ? ಅರ್ಧ ಯುದ್ಧ ಗೆದ್ದಿರಿ. ಬರದಿದ್ದರೆ ಸಾಮಾನ್ಯವಾಗಿ ಕೇಬಲ್, ಪೋರ್ಟ್, ಕರೆಂಟ್, ಈ ಮೂರರಲ್ಲೇ ತಪ್ಪಿರುತ್ತದೆ. ಮೊದಲು ಅಲ್ಲೇ ಹುಡುಕಿ.

ಎಟಿ ಅಂದರೆ ಅಟೆನ್ಷನ್. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ತಂದ ಭಾಷೆ ಇದು. ಎಷ್ಟೋ 4ಜಿ ಡಾಂಗಲ್‌ಗಳೂ ಇದನ್ನೇ ಆಡುತ್ತವೆ.

ಈಗ ಫೋನ್ ವೈರ್ ಸಿಕ್ಕಿಸಿ, ಎಟಿಡಿಟಿ ಬರೆದು ಪಕ್ಕದಲ್ಲೇ ನಿಮ್ಮದೇ ಮೊಬೈಲ್ ನಂಬರ್ ಹಾಕಿ. ‘ನೋ ಡಯಲ್‌ಟೋನ್’ ಬಂದರೆ ಗಾಬರಿ ಬೇಡ. ಅಮೆರಿಕಕ್ಕೆಂದು ಮಾಡಿದ ಮೋಡೆಮ್‌ಗೆ ನಮ್ಮ ಲೈನಿನ ಟೋನ್ ಗುರುತು ಸಿಗದೆ ಇರಬಹುದು. ಎಟಿಎಕ್ಸ್3 ಕೊಟ್ಟರೆ ಟೋನಿಗೆ ಕಾಯದೆ ಸುಮ್ನೆ ಡಯಲ್ ಮಾಡುತ್ತದೆ. ಸ್ಪೀಕರಿನಲ್ಲಿ ಪಿಕಪಿಕ ಅಂತ ನಂಬರ್ ಒತ್ತುವ ಸದ್ದು, ಆಮೇಲೆ ಜೇಬಲ್ಲಿ ಮೊಬೈಲ್ ರಿಂಗು. ನಮ್ಮ ಮನೆಯಲ್ಲಿ ಇದನ್ನು ಮೂರು ಸಲ ಮಾಡಿಸಿ ನೋಡಿದರು. ಸದ್ದು ಜಾಸ್ತಿ ಅನ್ನಿಸಿದರೆ ಎಟಿಎಂ0.

ಡಯಲ್-ಅಪ್ ಇಂಟರ್ನೆಟ್ ಕೊಡುವವರು ಈಗ ಬಲು ಅಪರೂಪ. ಹಾಗಾಗಿ ಇನ್ನೊಂದು ಮೋಡೆಮ್ ಇರುವ ಗೆಳೆಯರನ್ನು ಹಿಡಿಯಿರಿ. ನೀವು ಡಯಲ್ ಮಾಡಿ. ಅವರ ಪರದೆಯಲ್ಲಿ ‘ರಿಂಗ್’ ಕಂಡಾಗ ಅವರು ಎಟಿಎ ಕೊಡಲಿ. ಡಬ್ಬದ ಮೇಲೆ 56ಕೆ ಅಂತ ಬರೆದಿದ್ದರೂ ಎರಡು ಮನೆಗಳ ನಡುವೆ ಸೆಕೆಂಡಿಗೆ 33,600 ಬಿಟ್‌ಗಿಂತ ಹೆಚ್ಚು ಸಿಗದು. 56ಕೆಗೆ ಆ ಕಡೆ ಡಿಜಿಟಲ್ ಲೈನ್ ಬೇಕು. ಫೈಬರ್ ಬಾಕ್ಸಿನಿಂದ ಬರುವ ಲ್ಯಾಂಡ್‌ಲೈನ್ ಆದರೆ ಅಷ್ಟೂ ಸಿಗದೆ ಮಧ್ಯೆ ಮಧ್ಯೆ ಕಡಿದುಹೋಗಬಹುದು.

‘ಕನೆಕ್ಟ್’ ಬಂದ ಮೇಲೆ ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಮೂಡುತ್ತದೆ. ಲೈನ್ ಕಟ್ ಮಾಡಲು ಒಂದು ಸೆಕೆಂಡ್ ಕೈ ಕಟ್ಟಿ ಕೂತು, ಮೂರು ಪ್ಲಸ್ ಒತ್ತಿ, ಮತ್ತೊಂದು ಸೆಕೆಂಡ್ ಕಾಯಿರಿ. ‘ಓಕೆ’ ಬಂದ ಮೇಲೆ ಎಟಿಎಚ್.