ಮೂರು ಟೇಪು, ಒಂದು ದೆವ್ವ

‘ವಿಎಚ್‌ಎಸ್ ಟೇಪಿನಲ್ಲಿ ಇರೋದೇ 240 ಲೈನು. ಅದನ್ನು ಇನ್ನೆಷ್ಟು ಹಿಂಡ್ತೀಯ ಮಾರಾಯಾ?’ ಹೋದ ವರ್ಷ ಒಂದು ಹಳೇ ಸಿನಿಮಾದ ವಿಡಿಯೋ ಕ್ಯಾಸೆಟ್ಟನ್ನು ಆದಷ್ಟು ಚೆನ್ನಾಗಿ ಕಂಪ್ಯೂಟರಿಗೆ ಇಳಿಸೋಕೆ ಹೊರಟಾಗ ಇದನ್ನು ಕೇಳದವರೇ ಇಲ್ಲ. ಲೈನು ಅಂದರೆ ಚಿತ್ರ ಎಷ್ಟು ಸ್ಪಷ್ಟ ಅನ್ನೋದರ ಅಳತೆ. ಈಗ ಅವರಲ್ಲಿ ಇಬ್ಬರು ಫೈಲು ಕೊಡು ಅಂತ ದುಂಬಾಲು ಬಿದ್ದಿದ್ದಾರೆ. ಕೊಟ್ಟಿಲ್ಲ. ಸಿನಿಮಾದ ಹಕ್ಕು ನನ್ನದಲ್ಲ, ನಾನು ಮಾಡಿಕೊಂಡದ್ದು ಮನೆಯಲ್ಲಿ ನೋಡೋಕೆ. ಮಾಡಿದ್ದು ಹೇಗೆ ಅನ್ನೋದನ್ನು ಮಾತ್ರ ಬರೀತೀನಿ.

ಸಿನಿಮಾ 1979ರ ‘ನಾ ನಿನ್ನ ಬಿಡಲಾರೆ’. ಹೆಣ್ಣುದೆವ್ವ ಮೈಮೇಲೆ ಬಂದ ಅನಂತನಾಗ್ ಅವರನ್ನು ಚಿಕ್ಕಂದಿನಲ್ಲಿ ನೋಡಿ ರಾತ್ರಿ ಬಚ್ಚಲಿಗೆ ಹೋಗೋಕೆ ಹೆದರಿದವನು ನಾನು. ನನ್ನ ಹತ್ತಿರ ಇದ್ದದ್ದು ಬಾಡಿಗೆ ಅಂಗಡಿ ಮುಚ್ಚುವಾಗ ಸಿಕ್ಕ ಮೂರು ಗಂಟೆಯ ಒಂದು ಇ-180 ಟೇಪು, ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು. ಹಗಲಿನ ದೃಶ್ಯ ಹೇಗೋ ಪರವಾಗಿಲ್ಲ. ದೆವ್ವ ಬರೋ ಹೊತ್ತಿಗೆ ಮಾತ್ರ ಪರದೆ ತುಂಬ ಕಪ್ಪು ಮುದ್ದೆ, ಅದರೊಳಗೆ ಕೆಂಪು ಇರುವೆ ಹರಿದಾಡಿದ ಹಾಗೆ ನಾಯ್ಸ್. ಹೆದರಬೇಕಾದ ಜಾಗದಲ್ಲಿ ಏನೂ ಕಾಣಲ್ಲ ಅಂದ ಮೇಲೆ ಹೆದರೋದು ಯಾವುದಕ್ಕೆ?

ಮೊದಲು ಎಲ್ಲರ ಹಾಗೆ ವಿಸಿಆರ್‌ನಿಂದ ಕಂಪ್ಯೂಟರಿಗೆ ಚಿತ್ರ ಹಾಯಿಸೋ ಯುಎಸ್‌ಬಿ ಡಾಂಗಲ್ ತಂದೆ, ಸುಮಾರು 600 ರೂಪಾಯಿ. ಟ್ರ್ಯಾಕಿಂಗ್, ಅಂದರೆ ಹೆಡ್ ಟೇಪಿನ ಗೆರೆ ಹಿಡಿದು ಓದೋದು, ಸ್ವಲ್ಪ ಅಲುಗಿದರೆ ಸಾಕು, ಹತ್ತು ಹದಿನೈದು ಫ್ರೇಮು ಮಾಯ. ಅರ್ಧ ಸಿನಿಮಾ ದಾಟೋ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಆಮೇಲೆ ಟಿಬಿಸಿ (ಅಲುಗೋ ಗೆರೆಗಳನ್ನು ನೆಟ್ಟಗೆ ಮಾಡೋ ಸರ್ಕ್ಯೂಟು) ಇರೋ ಮೇಲ್ದರ್ಜೆಯ ಎಸ್-ವಿಎಚ್‌ಎಸ್ ಡೆಕ್ ಒಂದನ್ನು ಹೊರದೇಶದಿಂದ ತರಿಸಿದೆ. ಕಸ್ಟಮ್ಸ್ ಸೇರಿ 22,000 ಹತ್ತಿರ ಬಿತ್ತು. ಬಂದಾಗ ಟೇಪನ್ನು ಒಳಗೆ ಎಳೆದುಕೊಳ್ಳೋ ಲೋಡಿಂಗ್ ಗೇರಿನ ಹಲ್ಲು ಮುರಿದಿತ್ತು, ಮಾರಿದವನು ಅವತ್ತಿನಿಂದ ಮೌನವ್ರತ. ಅದು ಇವತ್ತಿಗೂ ಅಟ್ಟದ ಮೇಲಿದೆ, ಮನೆಯವಳು ಅದನ್ನು ‘ಇಪ್ಪತ್ತೆರಡು ಸಾವಿರದ ಪೆಟ್ಟಿಗೆ’ ಅಂತಲೇ ಕರೆಯೋದು. ಹಳೇ ಡಿವಿಡಿ ರೆಕಾರ್ಡರ್ ಮೂಲಕ ಹಾಯಿಸಿ ನೋಡಿದೆ. ಬಾಗಿದ ಗೆರೆಗಳು ನೆಟ್ಟಗಾದವು, ಸರಿ. ಕಪ್ಪು ಮಾತ್ರ ಇನ್ನಷ್ಟು ಕಪ್ಪಾಯಿತು.

ಎಐ ಅಪ್‌ಸ್ಕೇಲಿಂಗ್, ಅಂದರೆ ಎಐ ಕೈಲಿ ಚಿತ್ರ ಹಿಗ್ಗಿಸಿ ಸ್ಪಷ್ಟ ಮಾಡಿಸೋದು, ಯಾಕೆ ಮಾಡಲಿಲ್ಲ ಅಂತ ಕೇಳ್ತೀರಿ. ಮಾಡಿದೆ, ಮೂರು ರಾತ್ರಿ ಕಂಪ್ಯೂಟರ್ ಓಡಿಸಿ. ಎಲ್ಲರ ಮುಖಕ್ಕೂ ಮೇಣ ಮೆತ್ತಿದ ಹಾಗಾಯಿತು. ದೆವ್ವಕ್ಕೆ ಫೇಶಿಯಲ್ ಮಾಡಿಸಿ ಕೂರಿಸಿದ್ದೆ ಅಷ್ಟೇ. ಟೇಪಿನಿಂದ ಎತ್ತುವಾಗಲೇ ಬಾರದ್ದನ್ನು ಆಮೇಲೆ ಸಾಫ್ಟ್‌ವೇರ್ ತನ್ನ ತಲೆಯಿಂದ ಹುಟ್ಟಿಸುತ್ತೆ, ನನಗೆ ಅದು ಬೇಡ.

ಕೊನೆಗೆ ಹಿಡಿದ ದಾರಿ ವಿಎಚ್‌ಎಸ್-ಡಿಕೋಡ್ ಅನ್ನೋ ಸಾಫ್ಟ್‌ವೇರ್. ವಿಸಿಆರ್‌ನ ವಿಡಿಯೋ ಔಟ್‌ಪುಟ್ಟೇ ಬೇಡ, ಹೆಡ್ ಟೇಪಿನಿಂದ ಓದಿದ ಕಚ್ಚಾ (ಆರ್‌ಎಫ್) ಸಿಗ್ನಲ್ಲನ್ನು ಬೋರ್ಡಿನಿಂದಲೇ ಎತ್ತಿ ಉಳಿದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಬಿಡಿಸೋದು. ಗುಜರಿಯಲ್ಲಿ 1,500ಕ್ಕೆ ಸಿಕ್ಕ ಸಾಧಾರಣ ವಿಸಿಆರ್ ಸಾಕಾಯಿತು. ಬೋರ್ಡಿನ ಮೇಲೆ ‘ಪಿಬಿ ಎಫ್‌ಎಂ’ ಅಂತ ಬರೆದ ಟೆಸ್ಟ್ ಪಾಯಿಂಟ್ ಇತ್ತು, ಆ ಸಿಗ್ನಲ್ ಸಿಗೋ ಜಾಗ. ಅಲ್ಲಿಗೆ ಕೆಪಾಸಿಟರ್ ಹಾಕಿ ಕೋಆಕ್ಸ್ ಕೇಬಲ್ ಬೆಸುಗೆ ಹಚ್ಚಿ, ಹಳೇ ಕೋನೆಕ್ಸಂಟ್ ಚಿಪ್ಪಿನ ಪಿಸಿಐ ಟಿವಿ ಕಾರ್ಡಿಗೆ ಕೊಟ್ಟೆ. ಕೆಪಾಸಿಟರ್ ಯಾವ ಅಳತೆಯದು, ಟೇಪಿನ ಬಿಗಿ ಕಾಯೋ ಟೆನ್ಷನ್ ಬ್ಯಾಂಡಿಗೆ ನಾನೇನು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದು ತಿಂಗಳು ಹೋಗಿದೆ. ಕಚ್ಚಾ ಫೈಲು ಗಂಟೆಗೆ 100 ಜಿಬಿ ಆಸುಪಾಸು, ಒಂದು ಟೇಪು ಡಿಕೋಡ್ ಆಗೋಕೆ ನನ್ನ ಮೆಷಿನ್ನಿನಲ್ಲಿ ಒಂದು ದಿನ ಒಂದು ರಾತ್ರಿ. 4 ಟಿಬಿ ಡಿಸ್ಕಿಗೇ 9,000 ಚಿಲ್ಲರೆ.

ಮೊದಲ ಫ್ರೇಮು ಬಂದ ಕ್ಷಣ ಮರೆಯಲ್ಲ. ಅದೇ ಕತ್ತಲ ದೃಶ್ಯ. ಅನಂತನಾಗ್ ಕಣ್ಣಿನ ಬಿಳಿ ಬೇರೆ, ಪಾಪೆ ಬೇರೆ ಆಗಿ ಕಂಡಿತು. ಅಲ್ಲಿವರೆಗೆ ಅದು ಎರಡು ಕುಳಿ ಅಷ್ಟೇ ಆಗಿತ್ತು.

ಆದರೂ ಡ್ರಾಪ್‌ಔಟ್ ಗೀರುಗಳು, ಅಂದರೆ ಟೇಪಿನಲ್ಲಿ ಸಿಗ್ನಲ್ ಹೋದ ಕಡೆ ಕಾಣೋ ಬಿಳಿ ಗೆರೆಗಳು, ಇದ್ದವು. ಅದಕ್ಕೇ ಇನ್ನೆರಡು ಟೇಪು ಹುಡುಕಿದ್ದು. ಮೂರು ಟೇಪಿನ ಒಂದೇ ಫ್ರೇಮನ್ನು ಒಂದರ ಮೇಲೊಂದು ಕೂರಿಸಿ ಪ್ರತಿ ಪಿಕ್ಸೆಲ್ಲಿಗೂ ಮೂರು ಅಂಕಿಗಳಲ್ಲಿ ನಡುವಿನದನ್ನು ತಗೊಂಡರೆ, ಒಂದೇ ಟೇಪಿನಲ್ಲಿರೋ ಗೀರು ತಾನಾಗಿ ಬಿದ್ದುಹೋಗುತ್ತೆ. ಎರಡನೇದು 400 ರೂಪಾಯಿಗೆ ಸಿಕ್ಕಿತು. ಮೂರನೇದು ಪುಕ್ಕಟೆ, ಆದರೆ ಅಂಚಿಗೆಲ್ಲ ಬಿಳಿ ಬೂಷ್ಟು. ಆತುರಗೇಡಿತನದಲ್ಲಿ ಹಾಗೇ ತುರುಕಿ ಪ್ಲೇ ಒತ್ತಿದೆ. ಎರಡೇ ನಿಮಿಷದಲ್ಲಿ ಪರದೆ ತುಂಬ ಹಿಮ. ಮೆತ್ತನೆ ಶಾಮಿ ಚರ್ಮಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಅಲುಗದ ಹಾಗೆ ಒತ್ತಿ ಹಿಡಿದು, ಹೆಡ್ ಇರೋ ಡ್ರಮ್ಮನ್ನು ಬೆರಳಲ್ಲಿ ತಿರುಗಿಸಿ ಹೆಡ್ಡಿಗೆ ಮೆತ್ತಿದ ಕೊಳೆ ಬಿಡಿಸಿದೆ. ಕಿವಿಗೆ ಹಾಕೋ ಹತ್ತಿಕಡ್ಡಿ ಮುಟ್ಟಿಸಬೇಡಿ, ನನ್ನ ಇನ್ನೊಂದು ವಿಸಿಆರ್ ಹೋದದ್ದು ಹಾಗೇ. ಆಮೇಲೆ ಮಾಸ್ಕ್ ಹಾಕಿಕೊಂಡು ತಾರಸಿಯಲ್ಲಿ ಕೂತು, ಐದು ಸ್ಕ್ರೂ ಬಿಚ್ಚಿ, ಇಡೀ ಟೇಪನ್ನು ಬಟ್ಟೆಯ ನಡುವೆ ಎಳೆದು ಸುತ್ತಿದೆ. ಒಂದು ಭಾನುವಾರ ಪೂರ್ತಿ.

ಮೂರನ್ನೂ ಕೂರಿಸಿದರೆ ಕೆಲವು ಗೀರು ಜಪ್ಪಯ್ಯ ಅಂದರೂ ಹೋಗಲಿಲ್ಲ. ತಲೆ ಕೆರೆದುಕೊಂಡು ಒಂದೊಂದೇ ಟೇಪು ನೋಡಿದೆ: ಮೊದಲನೇದರಲ್ಲೂ ಎರಡನೇದರಲ್ಲೂ ಅದೇ ಫ್ರೇಮಿನಲ್ಲಿ, ಅದೇ ಜಾಗದಲ್ಲಿ ಅದೇ ಬಿಳಿ ಗೀರು! ಎರಡನೇದು ಮೊದಲನೇದರದೇ ಕಾಪಿ. ಮೂರು ಸಾಕ್ಷಿ ಇದ್ದಾರೆ ಅಂದುಕೊಂಡರೆ ಇದ್ದದ್ದು ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಅಂಥ ಕಡೆಯೆಲ್ಲ ಕೈಯಾರೆ ಮೂರನೇ ಟೇಪಿನ ಫ್ರೇಮನ್ನೇ ಹಾಕಿದೆ, ಮುನ್ನೂರು ಮುನ್ನೂರೈವತ್ತು ಇರಬಹುದು. ಸಿನಿಮಾ ಪ್ರಿಂಟಿನ ‘ಮಳೆ’ (ಸವೆದ ರೀಲಿನ ಉದ್ದುದ್ದ ಗೀರು) ಮತ್ತು ರೀಲು ಬದಲಾಗೋ ಮುಂಚೆ ಬಲ ಮೂಲೆಯಲ್ಲಿ ಮಿನುಗೋ ಚುಕ್ಕಿ ಮೂರರಲ್ಲೂ ಇವೆ. ಟಾಕೀಸಿನಲ್ಲಿ ಓಡಿ ದಣಿದ ಪ್ರಿಂಟಿನಿಂದಲೇ ಟೆಲಿಸಿನಿ (ರೀಲಿನಿಂದ ವಿಡಿಯೋಗೆ ಇಳಿಸೋದು) ಮಾಡಿದ್ದಾರೆ ಅಂತ ಅದರಿಂದಲೇ ಗೊತ್ತಾಯಿತು. ಅದನ್ನು ಒರೆಸೋಕೆ ಹೋಗಲಿಲ್ಲ, ನನಗೆ ಆ ಮಳೆ ಇಷ್ಟ.

ವಿಡಿಯೋದ ಒಂದು ಫ್ರೇಮು ಅಂದರೆ ಎರಡು ಅರ್ಧ, ಅವೇ ಫೀಲ್ಡುಗಳು. ಅವು ಒಂದು ಹೆಜ್ಜೆ ಆಚೀಚೆ ಆಗಿದ್ದವು. ಇಲ್ಲದ ಗೆರೆ ಊಹಿಸೋ ಡಿಇಂಟರ್‌ಲೇಸ್ ಮಾಡದೆ, ಸರಿಯಾದ ಎರಡು ಅರ್ಧಗಳನ್ನು ಜೋಡಿಸೋ ಫೀಲ್ಡ್ ಮ್ಯಾಚ್ ಮಾಡಿದರೆ ಮುಗೀತು.

ಧ್ವನಿ ತಿಂದ ತಲೆ ಹೇಳತೀರದು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ನಮ್ಮ ಟೀವಿ ಪದ್ಧತಿಯಾದ ಪಾಲ್‌ನಲ್ಲಿ 25ಕ್ಕೆ ಓಡುತ್ತೆ, ಶೇಕಡಾ 4ರಷ್ಟು ವೇಗ, ರಾಜನ್-ನಾಗೇಂದ್ರ ಹಾಡುಗಳ ಶ್ರುತಿ ಸೆಮಿಟೋನಿನ ಮುಕ್ಕಾಲು ಪಾಲು ಮೇಲೆ. ಖಚಿತ ಮಾಡಿಕೊಳ್ಳೋಣ ಅಂತ ಹಾಡುಗಳ ಹಳೇ ಕ್ಯಾಸೆಟ್ ತಂದು ತಾಳೆ ನೋಡಿದೆ. ಎರಡು ದಿನ ಲೆಕ್ಕ ಹಾಕಿದ ಮೇಲೆ ತಿಳೀತು, ನನ್ನ ಕ್ಯಾಸೆಟ್ ಡೆಕ್ಕೇ ಜೋರಾಗಿ ಓಡ್ತಿದೆ! ಆಮೇಲೆ ಫ್ರೇಮುಗಳನ್ನೇ ಎಣಿಸಿದೆ. ಎಲ್ಲೂ ಒಂದು ಫ್ರೇಮು ಎರಡು ಸಲ ಬಂದಿಲ್ಲ ಅಂದ ಮೇಲೆ 25ಕ್ಕೇ ಓಡಿಸಿದ್ದು ಅಂತ ಗ್ಯಾರಂಟಿ. 24ಕ್ಕೆ ಇಳಿಸಿದೆ, ದನಿ ದನಿಯ ಹಾಗಾಯಿತು. ಧ್ವನಿಯನ್ನು ಬೇರೆ ಸೌಂಡ್ ಕಾರ್ಡಿನಲ್ಲಿ ಹಿಡಿದಿದ್ದಕ್ಕೆ ಎರಡು ಗಡಿಯಾರ ಎರಡು ಲೆಕ್ಕ. ಕೊನೆ ದೃಶ್ಯದ ಹೊತ್ತಿಗೆ ಒಂದೆರಡು ಸೆಕೆಂಡು ಜಾರಿತ್ತು, ಸಮವಾಗಿ ಹಿಗ್ಗಿಸಿ ಕೂರಿಸಿದೆ.

ಒಟ್ಟು ಖರ್ಚು ಅಟ್ಟದ ಪೆಟ್ಟಿಗೆಯೂ ಸೇರಿ 40,000 ಮೇಲೆ. ಅದನ್ನು ಬಿಟ್ಟರೆ 18,000 ಸುಮಾರು. ಈಗ ಮೊದಲೆರಡರ ಸಂಬಂಧಿಕನಲ್ಲದ ನಾಲ್ಕನೇ ಟೇಪೊಂದು ಬೇಕು. ದಾವಣಗೆರೆ ಕಡೆ ಒಬ್ಬರ ಹತ್ತಿರ ಇದೆಯಂತೆ. ‘ಇದು ಆಂಟಿಕ್ ಸಾರ್’ ಅಂತ 5,000 ಕೇಳಿದರು, ಈಗ ಮೂರೂವರೆಗೆ ಇಳಿದಿದ್ದಾರೆ. ಇನ್ನೊಂದು ವಾರ ಫೋನ್ ಮಾಡದೆ ಸುಮ್ಮನಿರ್ತೀನಿ.