11 ಸೆಕೆಂಡುಗಳ ಮೌನ: ಮೊಬೈಲ್ ಪರದೆಯಿಂದ ದೊಡ್ಡ ಪರದೆಗೆ ಹೊರಟವರಿಗೆ

ಒಂಬತ್ತು ವರ್ಷಗಳಿಂದ ನಾನು ಬೇರೆಯವರ ವಿಡಿಯೊಗಳನ್ನು ಸಂಕಲನ ಮಾಡಿಕೊಡುತ್ತಿದ್ದೇನೆ. ಹಾಗೆ ನನ್ನ ಮೇಜಿನ ಮೇಲೆ ಹಾದುಹೋದವರಲ್ಲಿ ಮೂವರು ಈಗ ಸಿನಿಮಾ, ವೆಬ್ ಸರಣಿಗಳಲ್ಲಿ ಹೆಸರು ಮಾಡಿದ್ದಾರೆ. ಅವರಿಗಿಂತ ಹತ್ತು ಪಟ್ಟು ಹೆಚ್ಚು ವೀಕ್ಷಣೆ ಪಡೆದ ಹಲವರು ಇನ್ನೂ ಕರೆಗಾಗಿ ಕಾಯುತ್ತಿದ್ದಾರೆ. ಆ ದಾರಿಯಲ್ಲಿ ಹೊರಟವರಿಗೆ ಉಪಯೋಗವಾಗಲಿ ಎಂದು ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಆ ಮೂವರಲ್ಲಿ ಒಬ್ಬರು ಆಸ್ಪತ್ರೆಯ ವಿಚಾರಣಾ ಕಿಟಕಿಯಲ್ಲಿ ಕುಳಿತ ಸಿಬ್ಬಂದಿಯ ಪಾತ್ರ ಮಾಡುತ್ತಿದ್ದರು. ಎರಡೂವರೆ ನಿಮಿಷದ ವಿಡಿಯೊಗಳು, ಹೆಚ್ಚಿನವು ನಗಿಸುವಂಥವು. ಒಂದು ಕಂತಿನಲ್ಲಿ ವಯಸ್ಸಾದವರೊಬ್ಬರ ಧ್ವನಿ ಕಿಟಕಿಯಾಚೆಯಿಂದ ಹೆಂಡತಿಯ ವರದಿ ಬಂತೇ ಎಂದು ಕೇಳುತ್ತದೆ. ಈಕೆ ರಿಜಿಸ್ಟರ್ ತೆರೆದು ಬೆರಳಿಟ್ಟು ಓದುತ್ತಾರೆ, ಓದಿದ್ದು ಅರ್ಥವಾಗುತ್ತದೆ, ಪುಸ್ತಕ ಮುಚ್ಚುತ್ತಾರೆ. ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಆಮೇಲೆ, "ಕುಳಿತುಕೊಳ್ಳಿ, ಮೊದಲು ನೀರು ಕುಡಿಯಿರಿ" ಎನ್ನುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ಮಾತು ಬರುವವರೆಗೆ 11 ಸೆಕೆಂಡು. ನಾನು ಅದನ್ನು ಮೂರಕ್ಕೆ ಇಳಿಸಿದ್ದೆ. ಅವರು ನನ್ನ ಪಕ್ಕದಲ್ಲೇ ಕುಳಿತು ಪೂರ್ತಿ ಮರಳಿ ಹಾಕಿಸಿದರು. ವಿಡಿಯೊ ಹೊರಬಂದಾಗ, ಯಾವ ಕ್ಷಣದವರೆಗೆ ಎಷ್ಟು ಜನ ನೋಡುತ್ತಾ ಉಳಿದರು ಎಂದು ತೋರಿಸುವ ಗ್ರಾಫ್ ಅದೇ ಜಾಗದಲ್ಲಿ ಇಳಿಯಿತು. ನಾಲ್ಕು ತಿಂಗಳ ನಂತರ, ಪಾತ್ರಗಳಿಗೆ ಕಲಾವಿದರನ್ನು ಆರಿಸುವ ಒಬ್ಬ ಕಾಸ್ಟಿಂಗ್ ನಿರ್ದೇಶಕರ ಕರೆ ಬಂತು. ಅವರು ಚಂದಾದಾರರ ಸಂಖ್ಯೆಯನ್ನು ಕೇಳಲೇ ಇಲ್ಲ. ಆ ಪೆನ್ನಿನ ಮುಚ್ಚಳದ ಬಗ್ಗೆ ಕೇಳಿದರು.

ಆದ್ದರಿಂದ ಮೊದಲ ಕೆಲಸ, ನಿಮ್ಮಲ್ಲಿರುವ ಒಂದು ಕಸುಬನ್ನು ಗುರುತಿಸಿಕೊಳ್ಳುವುದು. ಪರೀಕ್ಷೆ ಸುಲಭ. ನಿಮ್ಮ ವಿಡಿಯೊ ನೋಡಿದ, ಆದರೆ ನಿಮ್ಮ ಪರಿಚಯವಿಲ್ಲದ ಐದು ಜನರನ್ನು ಹುಡುಕಿ, ನಿಮ್ಮನ್ನು ಬೇರೆಯವರಿಗೆ ಹೇಗೆ ವಿವರಿಸುತ್ತೀರಿ ಎಂದು ಕೇಳಿಸಿ. "ತುಂಬಾ ತಮಾಷೆಯಾಗಿ ಮಾಡುತ್ತಾರೆ" ಎಂದರೆ ಇನ್ನೂ ದಾರಿಯಿದೆ. "ಒಬ್ಬರೇ ಇಡೀ ಕುಟುಂಬವನ್ನು ಅಭಿನಯಿಸುತ್ತಾರಲ್ಲ, ಅವರು" ಎಂದರೆ ಕಸುಬಿಗೆ ಒಂದು ಹೆಸರು ಸಿಕ್ಕಿದೆ. ಯೂಟ್ಯೂಬ್‌ನ ಹಾಸ್ಯ ಕಲಾವಿದ ಭುವನ್ ಬಾಮ್ 2015ರಲ್ಲಿ ಮೊಬೈಲ್ ಹಿಡಿದು ಹಲವು ಪಾತ್ರಗಳನ್ನು ತಾವೊಬ್ಬರೇ ಮಾಡತೊಡಗಿದ್ದು ಇಂಥದ್ದೇ ಗುರುತು. 2021ರಲ್ಲಿ ಅದೇ ಪಾತ್ರಗಳನ್ನು ಇಟ್ಟುಕೊಂಡು ತಮ್ಮ ಚಾನೆಲ್‌ನಲ್ಲೇ ಎಂಟು ಕಂತಿನ ಸರಣಿ ತಂದರು. 2023ರ ಹೊತ್ತಿಗೆ ದೊಡ್ಡ ಒಟಿಟಿ ವೇದಿಕೆಯೊಂದರ ಸರಣಿಯಲ್ಲಿ ನಾಯಕರಾಗಿದ್ದರು.

ಗ್ರಾಫ್ ಬೇಡವೆಂದಲ್ಲ. 2012ರಲ್ಲಿ ಯೂಟ್ಯೂಬ್ ಬರಿಯ ಕ್ಲಿಕ್‌ಗಳಿಗಿಂತ ಜನ ಎಷ್ಟು ಹೊತ್ತು ನೋಡುತ್ತಾರೆ ಎಂಬುದಕ್ಕೆ ಹೆಚ್ಚು ಬೆಲೆ ಕೊಡತೊಡಗಿತು. ಮೊದಲ 30 ಸೆಕೆಂಡಿನಲ್ಲಿ ಎಷ್ಟು ಜನ ಎದ್ದು ಹೋದರು ಎಂಬುದನ್ನು ಪ್ರತಿ ವಿಡಿಯೊಗೂ ನೋಡಿ. ಪೀಠಿಕೆ ಉದ್ದವಾಗಿದ್ದರೆ ಕತ್ತರಿಸಿ. ಆದರೆ ವಿಡಿಯೊದ ಜೀವವೇ ಇರುವ ಜಾಗವನ್ನು ಗ್ರಾಫ್ ಇಳಿಯಿತೆಂದು ಕತ್ತರಿಸಬೇಡಿ. ಹಣದ ಲೆಕ್ಕ ಚಿಕ್ಕದು: 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್ ಎಂಬ ಕಿರು ವಿಡಿಯೊಗಳಿಗೆ ಒಂದು ಕೋಟಿ ವೀಕ್ಷಣೆ ಆದರೆ ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುತ್ತದೆ. ಆ ಹಣದಲ್ಲಿ ಮೊದಲು ಮೈಕ್ ಕೊಳ್ಳಿ.

ಹೌದು, ಕ್ಯಾಮೆರಾಕ್ಕಿಂತ ಮೊದಲು ಮೈಕ್. ಮೊಬೈಲ್‌ನಲ್ಲಿ ಕೇಳುವಾಗ ಗೊತ್ತೇ ಆಗದ ಫ್ಯಾನಿನ ಗುಂಯ್‌ಗುಟ್ಟುವಿಕೆ ದೊಡ್ಡ ಸ್ಪೀಕರ್‌ನಲ್ಲಿ ಮಳೆಯಂತೆ ಕೇಳುತ್ತದೆ. ಮೈಕ್ ಬಾಯಿಯಿಂದ ಒಂದು ಗೇಣಿನಷ್ಟು ದೂರದಲ್ಲಿರಲಿ, ಫ್ಯಾನ್ ಆರಿಸಿ, ಬರಿಗೋಡೆಗೆ ದಪ್ಪ ಹೊದಿಕೆ ತೂಗುಹಾಕಿ, ಇಯರ್‌ಫೋನ್ ಹಾಕಿಕೊಂಡು ಒಂದು ನಿಮಿಷ ಖಾಲಿ ಕೋಣೆಯನ್ನು ಕೇಳಿ. ಆ ಒಂದು ನಿಮಿಷವನ್ನು ದಾಖಲಿಸಿಯೂ ಇಡಿ. ಎರಡು ಮಾತುಗಳ ನಡುವಿನ ಸಂದಿಯನ್ನು ನಾನು ತುಂಬುವುದು ಅದರಿಂದಲೇ. ಮೊಬೈಲ್‌ಗಳು ಫ್ರೇಮ್‌ಗಳ ವೇಗವನ್ನು ತಾವೇ ಏರಿಳಿಸುತ್ತವೆ. ಉದ್ದನೆಯ ದೃಶ್ಯದಲ್ಲಿ ಧ್ವನಿ ಬೇರೆ ದಾಖಲಾಗಿದ್ದರೆ ತುಟಿಗೂ ಮಾತಿಗೂ ಹೊಂದದೆ ಹೋಗುವುದು ಇದರಿಂದ. ಫ್ರೇಮ್ ವೇಗವನ್ನು ಕೈಯಿಂದ ನಿಗದಿ ಮಾಡಬಲ್ಲ ಕ್ಯಾಮೆರಾ ಆ್ಯಪ್ ಬಳಸಿ ಸೆಕೆಂಡಿಗೆ 25ಕ್ಕೋ 24ಕ್ಕೋ ಕಟ್ಟಿಹಾಕಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಪ್ರತಿ ವಿಡಿಯೊದ ಮೂಲ ಫೈಲ್‌ಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಮಾತು, ಹಿನ್ನೆಲೆ ಸದ್ದು, ಸಂಗೀತ ಮೂರೂ ಬೇರೆ ಬೇರೆಯಾಗಿರಲಿ. ಪರದೆಯ ಮೇಲಿನ ಅಕ್ಷರಗಳಿಲ್ಲದ ಒಂದು ಪ್ರತಿಯೂ ಇರಲಿ. ಕೆಲವು ವೇದಿಕೆಗಳ ಸಂಗ್ರಹದಲ್ಲಿರುವ ಹಾಡುಗಳಿಗೆ ಅನುಮತಿ ಆ ವೇದಿಕೆಯೊಳಗೆ ಮಾತ್ರ, ಹೊರಗೆ ತೋರಿಸಲು ಹಕ್ಕಿಲ್ಲ. ಆ ಕಾಸ್ಟಿಂಗ್ ನಿರ್ದೇಶಕರು ಸಂಗೀತವಿಲ್ಲದ ಪ್ರತಿಯನ್ನು ಅದೇ ಸಂಜೆಯೊಳಗೆ ಕೇಳಿದ್ದರು. ಇತ್ತು, ಕೊಟ್ಟೆವು.

ಕಿರು ವಿಡಿಯೊಗಳ ರಾಶಿ ಎಷ್ಟೇ ಎತ್ತರವಿದ್ದರೂ, ಕರೆಯುವವರಿಗೆ ಒಂದು ಅನುಮಾನ ಉಳಿದೇ ಇರುತ್ತದೆ: ಇವರು ಅರ್ಧ ಗಂಟೆ ಹಿಡಿದು ಕೂರಿಸಬಲ್ಲರೇ? ಆ ಅನುಮಾನವನ್ನು ನೀವೇ ಕಳೆಯಬೇಕು. ಅಮೆರಿಕದ ನಟಿ, ಬರಹಗಾರ್ತಿ ಇಸ್ಸಾ ರೇ 2011ರಲ್ಲಿ ಯೂಟ್ಯೂಬ್‌ನಲ್ಲಿ ಕಂತುಗಳ ಸರಣಿ ಶುರುಮಾಡಿ, ಹಣ ಸಾಲದಾದಾಗ ವೀಕ್ಷಕರಿಂದಲೇ 56,000 ಡಾಲರ್‌ಗೂ ಹೆಚ್ಚು ಕೂಡಿಸಿ ಮೊದಲ ಸೀಸನ್ ಮುಗಿಸಿದರು. ಅಲ್ಲಿನ ಟಿವಿ ವಾಹಿನಿ ಎಚ್‌ಬಿಒದಲ್ಲಿ ಅವರದೇ ಧಾರಾವಾಹಿ ಬಂದದ್ದು 2016ರಲ್ಲಿ. ಅದು ಐದು ಸೀಸನ್ ನಡೆಯಿತು. ನಡುವಿನ ಐದು ವರ್ಷವನ್ನು ದಯವಿಟ್ಟು ಗಮನಿಸಿ. ಆಸ್ಟ್ರೇಲಿಯಾದ ಅವಳಿ ಸಹೋದರರಾದ ಡ್ಯಾನಿ ಮತ್ತು ಮೈಕಲ್ ಫಿಲಿಪ್ಪೊ 2013ರಲ್ಲಿ ಚಾನೆಲ್ ಆರಂಭಿಸಿದರು. ಬೇರೆಯವರ ಸಿನಿಮಾ ಸೆಟ್‌ನಲ್ಲಿ ಸಿಬ್ಬಂದಿಯಾಗಿಯೂ ದುಡಿದರು. ಅವರ ಮೊದಲ ಚಲನಚಿತ್ರ 2023ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನನ್ನ ಸಲಹೆ: ವರ್ಷಕ್ಕೆ ಒಂದಾದರೂ 20 ನಿಮಿಷದ, ಆರಂಭ ಮತ್ತು ಅಂತ್ಯವಿರುವ ಕಥೆ ಮಾಡಿ. ನೋಡುವವರು ಕಡಿಮೆ ಇರುತ್ತಾರೆ, ಇರಲಿ. ಸಾಧ್ಯವಾದರೆ ಯಾವುದಾದರೂ ಸೆಟ್‌ನಲ್ಲಿ ಹತ್ತು ದಿನ ಸಹಾಯಕರಾಗಿ ನಿಲ್ಲಿ.

ಶೋರೀಲ್, ಅಂದರೆ ನಿಮ್ಮ ಅಭಿನಯದ ಮಾದರಿ ತೋರಿಸುವ ವಿಡಿಯೊ, ಎರಡು ನಿಮಿಷ ಮೀರಬಾರದು. ಮೊದಲ ದೃಶ್ಯವೇ ನಿಮ್ಮ ಅತ್ಯುತ್ತಮ ಅಭಿನಯವಾಗಿರಲಿ. ಹಿನ್ನೆಲೆ ಸಂಗೀತದ ಮೇಲೆ ತುಣುಕುಗಳನ್ನು ಓಡಿಸಬೇಡಿ, ಒಂದು ದೃಶ್ಯವನ್ನಾದರೂ ಪೂರ್ತಿ ಉಸಿರಾಡಲು ಬಿಡಿ.

ಆಡಿಷನ್‌ಗೆ ಕರೆದಾಗ ನಮ್ಮವರು ಎಡವುವುದು ಅಭಿನಯದಲ್ಲಲ್ಲ, ಪುನರಾವರ್ತನೆಯಲ್ಲಿ. ಸ್ವಂತ ವಿಡಿಯೊದಲ್ಲಿ ಚೆನ್ನಾಗಿ ಬಂದ ಒಂದು ಟೇಕ್ ಸಾಕು. ಸೆಟ್‌ನಲ್ಲಿ ಅದೇ ದೃಶ್ಯವನ್ನು ದೂರದಿಂದ, ಹತ್ತಿರದಿಂದ, ಎದುರಿನವರ ಭುಜದ ಹಿಂದಿನಿಂದ ತೆಗೆಯುತ್ತಾರೆ. ಯಾವ ಪದದ ಮೇಲೆ ಲೋಟ ಎತ್ತಿದ್ದಿರೋ ಪ್ರತಿ ಸಲವೂ ಅದೇ ಪದದ ಮೇಲೆ, ಅದೇ ಕೈಯಲ್ಲಿ ಎತ್ತಬೇಕು. ಇಲ್ಲದಿದ್ದರೆ ನನ್ನಂಥವನು ಸಂಕಲನದಲ್ಲಿ ಎರಡು ಶಾಟ್‌ಗಳನ್ನು ಜೋಡಿಸಲಾರ. ಮನೆಯಲ್ಲಿ ಹೀಗೆ ಅಭ್ಯಾಸ ಮಾಡಿ: ನೆಲಕ್ಕೆ ಟೇಪ್ ಅಂಟಿಸಿ, ಕೆಳಗೆ ನೋಡದೆ ನಡೆದು ಬಂದು ಅದರ ಮೇಲೆ ನಿಂತು, ಒಂದೇ ದೃಶ್ಯವನ್ನು ಎಂಟು ಸಲ ಮಾಡಿ. ಎದುರಿನ ಪಾತ್ರವನ್ನು ಬೇರೆಯವರಿಂದ ಓದಿಸಿ. ಒಂಟಿಯಾಗಿ ವಿಡಿಯೊ ಮಾಡಿ ರೂಢಿಯಾದವರಿಗೆ ಇನ್ನೊಬ್ಬರ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುವುದೇ ಕಷ್ಟ.

ಈಗ ಕರಾರು. ಇಲ್ಲಿ ನನ್ನದೇ ಗಾಯವಿದೆ. ವೃತ್ತಿಯ ನಾಲ್ಕನೇ ವರ್ಷದಲ್ಲಿ ಗೆಳೆಯನೊಬ್ಬನೊಂದಿಗೆ ಆರು ಕಂತಿನ ಸರಣಿ ಬರೆದೆ. ಒಂದು ಸಂಸ್ಥೆ ಒಪ್ಪಿತು. ಸಂತೋಷದಲ್ಲಿ ಒಂಬತ್ತನೇ ಷರತ್ತನ್ನು ಓದದೆ ಸಹಿ ಹಾಕಿದೆವು. ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಶಾಶ್ವತವಾಗಿ ಹಕ್ಕು ಅವರದು ಎಂದು ಅಲ್ಲಿತ್ತು. ಅವರು ಸರಣಿ ಮಾಡಲಿಲ್ಲ. ನಾವು ಮಾಡುವಂತಿಲ್ಲ. ನಾವು ಹೆಸರಿಟ್ಟ ಪಾತ್ರಗಳು ಯಾರದೋ ಬೀರುವಿನಲ್ಲಿವೆ ಎಂದು ನೆನೆದಾಗ ಇಂದಿಗೂ ಸಂಕಟವಾಗುತ್ತದೆ.

ಹಾಗಾಗಿ ವಕೀಲರಿಗೆ ತೋರಿಸದೆ ಸಹಿ ಬೇಡ, ಎಷ್ಟೇ ಅವಸರಪಡಿಸಿದರೂ. ಇಂತಿಷ್ಟು ಅವಧಿಯಲ್ಲಿ, ಅಂದರೆ 18 ತಿಂಗಳಲ್ಲೋ ಎರಡು ವರ್ಷದಲ್ಲೋ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ನಿಮಗೆ ಮರಳಬೇಕು ಎಂಬ ಸಾಲನ್ನು ಸೇರಿಸಲು ಕೇಳಿ. ನಿಮ್ಮ ಚಾನೆಲ್‌ನಲ್ಲಿ ನೀವು ಬೆಳೆಸಿದ ಪಾತ್ರವನ್ನು ಮಾರುತ್ತಿದ್ದೀರೋ, ಕೆಲಕಾಲಕ್ಕೆ ಕೊಡುತ್ತಿದ್ದೀರೋ ಸ್ಪಷ್ಟವಾಗಲಿ. ಬೇರೆಡೆ ಕಾಣಿಸಿಕೊಳ್ಳಬಾರದು ಎಂಬ ಷರತ್ತು ನಿಮ್ಮ ಚಾನೆಲ್‌ಗೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ.

ಅನುಮತಿ ಸಿಕ್ಕರೆ ಚಾನೆಲ್ ನಿಲ್ಲಿಸಬೇಡಿ. ಚಿತ್ರೀಕರಣದ ದಿನಗಳಲ್ಲಿ ಹನ್ನೆರಡು ಗಂಟೆ ದುಡಿದು ಬಂದು ವಿಡಿಯೊ ಮಾಡುತ್ತೇನೆ ಎಂಬುದು ಆಗದ ಮಾತು. ಮೊದಲೇ ಮಾಡಿಟ್ಟುಕೊಳ್ಳಿ. ವಿಚಾರಣಾ ಕಿಟಕಿಯ ಆ ಕಲಾವಿದೆ ಹೊರಡುವ ಮುನ್ನ ಏಳು ಕಂತು ನನ್ನ ಕೈಗೆ ಕೊಟ್ಟರು, ವಾರಕ್ಕೊಂದರಂತೆ ನಾನು ಹಾಕುತ್ತಾ ಬಂದೆ. ಏಳನೆಯದನ್ನು ಹಾಕಿದ ವಾರವೇ ಅವರು ಚಿತ್ರೀಕರಣ ಮುಗಿಸಿ ಬಂದು, ಮುಂದಿನ ಕಂತಿಗೆ ಬೇಕು, ಆ ರಿಜಿಸ್ಟರ್ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು.